ಸ್ತನಾರ್ಬುದದ ಹಾರ್ಮೋನು ಚಿಕಿತ್ಸೆ: ಔಷಧಗಳ ಇತಿಹಾಸ ಮತ್ತು ತಾರತಮ್ಯ

ಈಸ್ಟ್ರೊಜನ್ ಎಂಬ ಸ್ತ್ರೀ ಹಾರ್ಮೋನಿನ ಪ್ರೇರಣೆಯಿಂದ ಬೆಳೆಯುವ ಸ್ತನಾರ್ಬುದವನ್ನು, ಆ ಹಾರ್ಮೋನಿನ ಕ್ರಿಯೆಯನ್ನು ತಡೆದೋ ಅದರ ಉತ್ಪತ್ತಿಯನ್ನು ಕುಗ್ಗಿಸಿಯೋ ಹತೋಟಿಯಲ್ಲಿಡುವ ಚಿಕಿತ್ಸಾವಿಧಾನ. ಗಂತಿಯ ಜೀವಕೋಶಗಳಲ್ಲಿ ಹಾರ್ಮೋನು ಗ್ರಾಹಕಗಳಿದ್ದಲ್ಲಿ ಮಾತ್ರ ಇದು ಫಲಕಾರಿ.

ಪೂರ್ವೇತಿಹಾಸ: ಕರು ಹಾಕಿದ ಹಸುವಿನ ಅಂಡಾಶಯಗಳನ್ನು ತೆಗೆದರೆ ಅದು ದೀರ್ಘಕಾಲ ಹಾಲು ಕೊಡುವುದೆಂಬ ಕೃಷಿಕರ ಅನುಭವವನ್ನರಿತು, ಅಂಡಾಶಯಕ್ಕೂ ಸ್ತನಕ್ಕೂ ಗೂಢಸಂಬಂಧವಿರಬೇಕೆಂದು ತರ್ಕಿಸಿದ ಗ್ಲಾಸ್ಗೊ ನಗರದ ಶಸ್ತ್ರವೈದ್ಯ ಜಾರ್ಜ್ ಬೀಟ್ಸನ್, 1895ರಲ್ಲಿ, ರೋಗ ಕೈಮೀರಿದ್ದ 33 ವರ್ಷದ ಮಹಿಳೆಯೊಬ್ಬಳ ಅಂಡಾಶಯಗಳನ್ನು ಛೇದಿಸಿ ತೆಗೆದನು, ತಿಂಗಳುಗಳು ಕಳೆದಂತೆ ಗಂತಿಗಳು ಕರಗಿಹೋದುದನ್ನು ಮರುವರ್ಷ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದನು. ಷಿಕಾಗೊ ವಿಶ್ವವಿದ್ಯಾಲಯದ ಎಲ್‌ವುಡ್ ಜೆನ್ಸನ್ ಈಸ್ಟ್ರೊಜನ್ ಗ್ರಾಹಕವನ್ನು ಗುರುತಿಸುವವರೆಗೆ, ಅರ್ಧಶತಮಾನಕ್ಕೂ ಮಿಗಿಲಾಗಿ, ಇದರ ಕಾರಣ ಅಜ್ಞಾತವಾಗಿಯೇ ಉಳಿಯಿತು.

ಟ್ಯಾಮಾಕ್ಸಿಫೆನ್: ಇಂಗ್ಲೆಂಡಿನ ಐ.ಸಿ.ಐ. ಸಂಸ್ಥೆಯಲ್ಲಿ ಡೋರಾ ರಿಚರ್ಡ್‌ಸನ್ 1962ರಲ್ಲಿ ಸಂಶ್ಲೇಷಿಸಿದ ಈ ದ್ರವ್ಯದಿಂದ ಗರ್ಭನಿರೋಧಕವನ್ನು ಪಡೆಯುವ ಆಶಯವಿದ್ದಿತು. ಇಲಿಗಳಲ್ಲಿ ಗರ್ಭವನ್ನು ತಡೆದ ಔಷಧ ಸ್ತ್ರೀಯರಲ್ಲಿ ಅಂಡೋತ್ಸರ್ಗವನ್ನೇ ಪ್ರಚೋದಿಸಿದುದರಿಂದ ಆ ಆಶಯ ಭಗ್ನವಾಯಿತಾದರೂ, ಮ್ಯಾಂಚೆಸ್ಟರಿನ ಕ್ರಿಸ್ಟಿ ಆಸ್ಪತ್ರೆಯ ಮೇರಿ ಕೋಲ್ ಮತ್ತು ಸಂಗಡಿಗರು ಅದನ್ನು ಉಲ್ಬಣಿಸಿದ ಸ್ತನಾರ್ಬುದದ 46 ರೋಗಿಗಳಿಗೆ ಕೊಟ್ಟು, 10 ಮಂದಿಯಲ್ಲಿ ಗುಣ ಕಂಡುದಾಗಿ 1971ರಲ್ಲಿ ವರದಿಮಾಡಿದರು. 1973ರಲ್ಲಿ ಬ್ರಿಟನ್ನಿನಲ್ಲಿಯೂ 1977ರಲ್ಲಿ ಅಮೆರಿಕದಲ್ಲಿಯೂ ಅದಕ್ಕೆ ಮನ್ನಣೆ ದೊರೆಯಿತು.

ಅರೊಮಾಟೇಸ್ ನಿರೋಧಕಗಳು: ಋತುಬಂಧದ ಅನಂತರ ಅಂಡಾಶಯ ಉಡುಗಿದರೂ, ಅಡ್ರಿನಲ್ ಗ್ರಂಥಿಯಿಂದ ಬರುವ ಪುರುಷ ಹಾರ್ಮೋನುಗಳನ್ನು ಮೇದಸ್ಸೇ ಮೊದಲಾದ ಅಂಗಾಂಶಗಳಲ್ಲಿರುವ ಅರೊಮಾಟೇಸ್ ಎಂಬ ಕಿಣ್ವ ಈಸ್ಟ್ರೊಜನ್ನಾಗಿ ಮಾರ್ಪಡಿಸುತ್ತಲೇ ಇರುತ್ತದೆ. ಇದನ್ನು ತಡೆಯುವ ಮಾರ್ಗವನ್ನು 1970ರ ದಶಕದಲ್ಲಿ ಆಂಜೆಲಾ ಬ್ರೋಡಿ ಅಮೆರಿಕದಲ್ಲಿ ಶೋಧಿಸಿದಳು. 1990ರ ದಶಕದಲ್ಲಿ ಅನಾಸ್ಟ್ರೊಜೋಲ್, ಲೆಟ್ರೊಜೋಲ್, ಎಕ್ಸಿಮೆಸ್ಟೇನ್ ಗುಳಿಗೆಗಳು ಬಳಕೆಗೆ ಬಂದುವು.

ತಾರತಮ್ಯ: ಟ್ಯಾಮಾಕ್ಸಿಫೆನ್ ಗದ್ದೆಯ ತೂಬನ್ನು ಮುಚ್ಚುವುದಾದರೆ, ಅರೊಮಾಟೇಸ್ ನಿರೋಧಕಗಳು ಒರತೆಯನ್ನೇ ಬತ್ತಿಸುವುವು. ಋತುಬಂಧ ಕಳೆದ 9,366 ಸ್ತ್ರೀಯರನ್ನೊಳಗೊಂಡ ಅಟ್ಯಾಕ್ ಎಂಬ ಪರೀಕ್ಷಣದ ಮೊದಲ ಫಲಿತಾಂಶಗಳು 2002ರಲ್ಲಿ ಹೊರಬಂದಾಗ, ರೋಗ ಮರುಕಳಿಸುವುದನ್ನು ತಡೆಯುವಲ್ಲಿ ಅನಾಸ್ಟ್ರೊಜೋಲ್ ಮೇಲೆಂದು ಕಂಡಿತು. ಆದರೆ ಅದನ್ನು ಸೇವಿಸುವವರಲ್ಲಿ ಕೀಲುನೋವೂ ಎಲುಬಿನ ಸವಕಳಿಯೂ ಹೆಚ್ಚು. ಟ್ಯಾಮಾಕ್ಸಿಫೆನ್, ತದ್ವಿರುದ್ಧವಾಗಿ, ಋತುಬಂಧಾನಂತರ ಎಲುಬನ್ನು ಕಾಪಾಡುವುದಾದರೂ ರಕ್ತನಾಳಗಳಲ್ಲಿ ಹೆಪ್ಪುಗಟ್ಟುವಿಕೆಗೂ, ವಿರಳವಾಗಿ ಗರ್ಭಕೋಶದ ಒಳಪೊರೆಯ ಅರ್ಬುದಕ್ಕೂ ಎಡೆಗೊಡುವುದು. ಅಂಡಾಶಯ ಸಕ್ರಿಯವಾಗಿರುವ ಕಿರಿಯರಲ್ಲಿ ಅರೊಮಾಟೇಸ್ ನಿರೋಧಕಗಳು ತಾವಾಗಿಯೇ ನಿರರ್ಥಕವಾದುದರಿಂದ, ಅಂಡಾಶಯದ ಕಾರ್ಯವನ್ನು ಮೊದಲು ಅಡಗಿಸಬೇಕಾಗುತ್ತದೆ. ಟ್ಯಾಮಾಕ್ಸಿಫೆನ್ನಿಗೆ ಈ ನಿರ್ಬಂಧವಿಲ್ಲ. ಆದಕಾರಣ ನೂತನ ಔಷಧಗಳ ಆಗಮನದಿಂದ ಹಳೆಯದು ಮೂಲೆಗುಂಪಾಗದೆ, ರೋಗಿಯ ವಯಸ್ಸು, ಎಲುಬಿನ ಬಲ, ಪೂರ್ವರೋಗಗಳಿಗೆ ಅನುಸಾರವಾಗಿ ಎರಡೂ ವರ್ಗಗಳು ಇಂದಿಗೂ ಬಳಕೆಯಲ್ಲಿವೆ.