ಇಂದಿನ ಸಂಚಿಕೆಯಲ್ಲಿ ಏನಿದೆ?

ಸಂಜೆ ದೀಪ ಹಚ್ಚಿದ ಮೇಲೆ ಕನ್ನಡದ ಯಾವ ಮನರಂಜನಾ ವಾಹಿನಿ ಹಾಕಿದರೂ ಮತ್ತೆ ಮತ್ತೆ ಕಿವಿಗೆ ಬೀಳುವ ಪದ ‘ಸಂಚಿಕೆ’. ಹಿಂದಿನ ಸಂಚಿಕೆಯಲ್ಲಿ, ಇಂದಿನ ಸಂಚಿಕೆಯಲ್ಲಿ, ಮುಂದಿನ ಸಂಚಿಕೆಯಲ್ಲಿ, ಈ ಸಂಚಿಕೆಯ ಪ್ರಾಯೋಜಕರು, ಹಬ್ಬವೋ ಭಾನುವಾರವೋ ಆದರೆ ಮಹಾಸಂಚಿಕೆ. ಇಷ್ಟು ಮನೆಗಳಲ್ಲಿ ದಿನಾ ಮೊಳಗುವ ಈ ಪದವನ್ನು ಮನೆಯೊಳಗೆ ಮಾತ್ರ ಯಾರೂ ಆಡುವುದಿಲ್ಲ. ನಮ್ಮತ್ತೆ ‘ನಿನ್ನೇದು ನೋಡೋಕಾಗ್ಲಿಲ್ಲ ಕಣಮ್ಮ, ಏನಾಯ್ತು?’ ಎಂದು ಕೇಳುತ್ತಾರೆ. ಪಕ್ಕದ ಮನೆಯ ಅಕ್ಕ ‘ಇವತ್ತಿಂದು ಬಹಳ ಚೆನ್ನಾಗಿತ್ತು ಕಣ್ರೀ’ ಎನ್ನುತ್ತಾರೆ. ಮಕ್ಕಳ ಬಾಯಲ್ಲಿ ಅದು ಎಪಿಸೋಡು. ಪತ್ರಿಕೆಗಳವರು ಕೆಲವೊಮ್ಮೆ ‘ಕಂತು’ ಎಂದು ಬರೆಯುತ್ತಾರೆ. ಬ್ಯಾಂಕಿಗೆ ಕಟ್ಟಬೇಕಾದ ಸಾಲವನ್ನು ನೆನಪಿಗೆ ತರುವ ಆ ಪದ ಕಥೆಯ ಪಕ್ಕದಲ್ಲಿ ನನಗೆಂದೂ ಒಗ್ಗಿಲ್ಲ. ಸಂಚಿಕೆ ಮಾತ್ರ ನನಗೆ ಪ್ರಿಯವಾದ ಪದ. ಅದನ್ನು ನಾವು ಕೈಬಿಡಬಾರದು ಎಂಬ ಆಸೆಯಿಂದಲೇ ಈ ವಾರ ಅದರ ಬಗ್ಗೆ ಬರೆಯುತ್ತಿದ್ದೇನೆ.

ಇದು ಸಂಸ್ಕೃತದಿಂದ ಬಂದ ಪದ. ‘ಚಿ’ ಎಂಬ ಧಾತುವಿಗೆ ಆಯ್ದು ಕೂಡಿಸುವುದು ಎಂಬ ಅರ್ಥವಿದೆ. ಸಂಚಯ, ಸಂಚಿತ ಎಲ್ಲ ಅದೇ ಬಳಗದವು. ಜನ್ಮಾಂತರದಿಂದ ಕೂಡಿಬಂದದ್ದು ಸಂಚಿತ ಕರ್ಮ. ದಹನವಾದ ಮೇಲೆ ಮಕ್ಕಳು ಬೂದಿಯಿಂದ ಎಲುಬು ಆರಿಸಿ ತರುವ ಕ್ರಿಯೆ ಅಸ್ಥಿಸಂಚಯನ. ಅಂದರೆ ಈ ಬಳಗದ ಪದಗಳಿಗೆ ಹಗುರಾಗಿ ಇರಲು ಬರುವುದಿಲ್ಲ. ಒಳಗೆ ಏನಾದರೂ ಸೇರಿರಲೇಬೇಕು. ಕನ್ನಡದ ಕಿವಿಗೆ ಇದರ ಪಕ್ಕದಲ್ಲೇ ಇನ್ನೊಂದು ಪದ ಕೇಳಿಸುತ್ತದೆ: ಸಂಚಿ. ‘ಹದಿಬದೆಯ ಧರ್ಮ’ ಬರೆದ ಹೊನ್ನಮ್ಮ ಮೈಸೂರಿನ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುವ ಕೆಲಸದಲ್ಲಿದ್ದವಳು. ಸಂಚಿ ಹೊನ್ನಮ್ಮ ಎಂದೇ ಅವಳನ್ನು ನಾವು ಕರೆಯುವುದು. ಎರಡು ಪದಗಳ ಮೂಲ ಒಂದೇ ಎಂದು ನಾನು ವಾದಿಸುತ್ತಿಲ್ಲ. ಆದರೆ ಸಂಚಿಕೆ ಎಂದಾಗಲೆಲ್ಲ ತುಂಬಿದ ಸಂಚಿಯೊಂದು ನನ್ನ ಮನಸ್ಸಿಗೆ ಬರುತ್ತದೆ.

ಟಿವಿ ಬರುವ ಮೊದಲು ಈ ಪದ ಪತ್ರಿಕೆಗಳ ಆಸ್ತಿಯಾಗಿತ್ತು. ಸಂಪುಟ ಇಷ್ಟು, ಸಂಚಿಕೆ ಇಷ್ಟು ಎಂದು ಮುಖಪುಟದ ಒಳಮೈಯಲ್ಲಿ ಅಚ್ಚಾಗುತ್ತಿತ್ತು. ಸಾಹಿತ್ಯ ಸಮ್ಮೇಳನ ನಡೆದರೆ ಸ್ಮರಣ ಸಂಚಿಕೆ, ಶಾಲೆಗೆ ನೂರು ವರ್ಷ ತುಂಬಿದರೆ ಸ್ಮರಣ ಸಂಚಿಕೆ. ಅದರಲ್ಲಿ ಊರಿನ ಇತಿಹಾಸ, ತೀರಿಕೊಂಡ ಮೇಷ್ಟ್ರ ಭಾವಚಿತ್ರ, ದಾನಿಗಳ ಪಟ್ಟಿ ಎಲ್ಲ ಒಟ್ಟಿಗೆ ಸೇರಿರುತ್ತಿದ್ದವು. ಇನ್ನು ವಾರಪತ್ರಿಕೆಗಳು. 1965ರಲ್ಲಿ ಶುರುವಾದ ‘ಸುಧಾ’, 1983ರಲ್ಲಿ ಮಣಿಪಾಲದಿಂದ ಹೊರಟ ‘ತರಂಗ’, ಅವಕ್ಕೂ ಹಳೆಯದಾದ ‘ಕರ್ಮವೀರ’, ‘ಪ್ರಜಾಮತ’ ಇವೆಲ್ಲ ಧಾರಾವಾಹಿ ಕಾದಂಬರಿಯನ್ನು ಮನೆಮನೆಗೆ ಮುಟ್ಟಿಸಿದವು. ಪತ್ರಿಕೆ ಮನೆಗೆ ಬಂದ ದಿನ ಯಾರು ಮೊದಲು ಓದಬೇಕೆಂದು ಅಕ್ಕತಂಗಿಯರಲ್ಲಿ ಜಗಳವಾಗುತ್ತಿತ್ತು. ಧಾರಾವಾಹಿಯ ಪುಟಗಳನ್ನು ವಾರವಾರವೂ ಜೋಪಾನವಾಗಿ ಕತ್ತರಿಸಿಟ್ಟು, ಕಾದಂಬರಿ ಮುಗಿದ ಮೇಲೆ ದಬ್ಬಳ ಮತ್ತು ದಾರ ಹಿಡಿದು ಹೊಲಿದು, ಕ್ಯಾಲೆಂಡರಿನ ದಪ್ಪ ಹಾಳೆಯ ರಟ್ಟು ಹಾಕಿ ಪುಸ್ತಕ ಮಾಡಿಕೊಂಡ ಹೆಂಗಸರು ಕರ್ನಾಟಕದ ಎಲ್ಲ ಊರುಗಳಲ್ಲೂ ಇದ್ದರು. ಅಂಗಡಿಯಿಂದ ಪುಸ್ತಕ ಕೊಳ್ಳಲು ಕೈಯಲ್ಲಿ ದುಡ್ಡಿಲ್ಲದ ಅವರು ತಮ್ಮ ಗ್ರಂಥಾಲಯವನ್ನು ಹೀಗೆ ತಾವೇ ಕಟ್ಟಿಕೊಂಡರು. ಸಂಚಿಕೆ ಎಂಬ ಪದದ ಪೂರ್ತಿ ಬಾಳನ್ನು ನಾನು ಕಾಣುವುದು ಆ ಹೊಲಿದ ಪುಸ್ತಕಗಳಲ್ಲಿ.

ಅಂಥ ತುಂಬಿದ ಸಂಚಿಕೆಗಳು ಟಿವಿಯಲ್ಲಿ ಬಂದಿಲ್ಲವೆಂದಲ್ಲ. ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ 1986–87ರಲ್ಲಿ ದೂರದರ್ಶನದಲ್ಲಿ ಬಂತು. ಭಾಷೆ ಹಿಂದಿಯಾದರೂ ಕಥೆ ಬರೆದ ಆರ್.ಕೆ. ನಾರಾಯಣ್ ಮೈಸೂರಿನಲ್ಲಿ ಬಾಳಿದವರು, ತೆರೆಯ ಮೇಲೆ ನಮ್ಮವರೇ ತುಂಬಿದ್ದರು. ಸ್ವಾಮಿ ಎಂಬ ಹುಡುಗನ ಕಥೆ ಕೆಲವು ವಾರ ನಡೆದರೂ ಹೆಚ್ಚಿನ ಕಥೆಗಳು ಒಂದೇ ಸಂಚಿಕೆಯಲ್ಲಿ ಮುಗಿಯುತ್ತಿದ್ದವು. ಸಣ್ಣ ಸಂಬಳದ ಗುಮಾಸ್ತನಾಗಿ ವಿಷ್ಣುವರ್ಧನ್ ನಟಿಸಿದ ಕಥೆಯನ್ನು ನೋಡಿ. ಮಗಳನ್ನು ಸಿನಿಮಾಕ್ಕೆ ಕರೆದುಕೊಂಡು ಹೋಗುತ್ತೇನೆಂದು ಮಾತು ಕೊಟ್ಟು, ಕಚೇರಿಯಲ್ಲಿ ಸಿಕ್ಕಿಬಿದ್ದು, ರಾತ್ರಿ ತಡವಾಗಿ ಬಂದಾಗ ಮಗು ಅಲಂಕಾರ ಮಾಡಿಕೊಂಡೇ ನಿದ್ದೆ ಹೋಗಿರುತ್ತದೆ. ಅರ್ಧ ಗಂಟೆಯೂ ಹಿಡಿಯದ ಆ ಸಂಚಿಕೆಯಲ್ಲಿ ಒಬ್ಬ ಬಡ ತಂದೆಯ ಇಡೀ ಬದುಕು ಸೇರಿಹೋಗಿದೆ. ನೋಡಿ ಮೂವತ್ತು ವರ್ಷ ಕಳೆದವರೂ ಅದನ್ನು ಮರೆತಿಲ್ಲ.

ಆಮೇಲೆ ಬಂದ ದೊಡ್ಡ ಧಾರಾವಾಹಿಗಳೂ ಪದದ ಅರ್ಥದೊಂದಿಗಿನ ನಂಟನ್ನು ಬಹುಕಾಲ ಬಿಡಲಿಲ್ಲ. 1998ರಲ್ಲಿ ಟಿ.ಎನ್. ಸೀತಾರಾಮ್ ಅವರು ಪಿ. ಶೇಷಾದ್ರಿ ಮತ್ತು ನಾಗೇಂದ್ರ ಶಾ ಜೊತೆ ಸೇರಿ ಮಾಡಿದ ‘ಮಾಯಾಮೃಗ’, ಆಮೇಲಿನ ‘ಮನ್ವಂತರ’, ‘ಮುಕ್ತ’ ಇವುಗಳಲ್ಲಿ ಒಂದು ದಿನದ ಕಥೆಯೊಳಗೆ ಒಂದು ವಾದ ಹುಟ್ಟಿ ಬೆಳೆದು ಒಂದು ನೆಲೆಗೆ ಬಂದು ನಿಲ್ಲುತ್ತಿತ್ತು. ನ್ಯಾಯಾಲಯದ ದೃಶ್ಯಗಳನ್ನು ನೋಡಿ ಮನೆಯ ಗಂಡಸರೂ ಊಟದ ತಟ್ಟೆ ಹಿಡಿದು ಬಂದು ಕೂರುತ್ತಿದ್ದರು. ವೈಶಾಲಿ ಕಾಸರವಳ್ಳಿಯವರ ‘ಮೂಡಲ ಮನೆ’ ಉತ್ತರ ಕರ್ನಾಟಕದ ಮಾತನ್ನು ಹಾಸ್ಯಕ್ಕೆ ಬಳಸದೆ ಒಂದು ಕುಟುಂಬದ ಸುಖದುಃಖಕ್ಕೆ ಬಳಸಿತು. ಧಾರವಾಡದ ಕಡೆಯ ಅತ್ತೆ ಸೊಸೆಯರು ತಮ್ಮ ಮಾತನ್ನು ಟಿವಿಯಲ್ಲಿ ಗೌರವದಿಂದ ಕೇಳಿದ್ದು ಆಗ.

ಹಾಗಾದರೆ ಪದ ಸೊರಗಿದ್ದು ಯಾವಾಗ? ನನ್ನ ಲೆಕ್ಕದಲ್ಲಿ, ಸಂಚಿಕೆ ಎಂಬುದು ಒಂದು ಸಂಖ್ಯೆಯಾದಾಗ. ‘ಅಗ್ನಿಸಾಕ್ಷಿ’, ‘ಪುಟ್ಟಗೌರಿ ಮದುವೆ’ಗಳು ಸಾವಿರದ ಗಡಿ ದಾಟಿದವು. ಸಾವಿರ ತುಂಬಿದ ದಿನ ಸೆಟ್ಟಿನಲ್ಲಿ ಕೇಕ್ ಕತ್ತರಿಸುವುದು ವಾಡಿಕೆಯಾಯಿತು. ಅಷ್ಟು ಕಾಲ ದಿನವೂ ದುಡಿದ ಕಲಾವಿದರು, ತಂತ್ರಜ್ಞರು ಸಂಭ್ರಮಿಸುವುದು ನ್ಯಾಯವೇ. ಆದರೆ ಸಾವಿರದಲ್ಲಿ ನೆನಪಿಡುವಂಥವು ಎಷ್ಟು ಎಂಬ ಪ್ರಶ್ನೆಯನ್ನು ಆ ದಿನ ಯಾರೂ ಕೇಳುವುದಿಲ್ಲ.

ಸೀರಿಯಲ್ ಮಾಡುವವರಲ್ಲಿ ‘ಬ್ಯಾಂಕ್’ ಎಂಬ ಮಾತಿದೆ. ಪ್ರಸಾರವಾಗಲು ತಯಾರಾಗಿ ಕೈಯಲ್ಲಿ ಉಳಿದ ಸಂಚಿಕೆಗಳೇ ಬ್ಯಾಂಕ್. ಇದು ಹಳೆಯ ಅರ್ಥಕ್ಕೆ ಬಹಳ ಹತ್ತಿರದ ಬಳಕೆ, ಕೂಡಿಟ್ಟದ್ದು ಎಂದೇ ತಾನೆ? 2020ರ ಮಾರ್ಚಿನಲ್ಲಿ ಚಿತ್ರೀಕರಣ ನಿಂತಾಗ ಈ ಬ್ಯಾಂಕು ಎಷ್ಟು ತೆಳುವಾಗಿತ್ತು ಎಂದು ಎಲ್ಲರಿಗೂ ಗೊತ್ತಾಯಿತು. ವಾಹಿನಿಗಳು ಹಳೆಯ ಸಂಚಿಕೆಗಳನ್ನೇ ಮತ್ತೆ ಹಾಕಿದವು, ದಶಕಗಳ ಕಾಲ ವಿರೋಧ ಎದುರಿಸಿದ್ದ ಡಬ್ಬಿಂಗ್ ಆ ವರ್ಷ ‘ಮಹಾಭಾರತ’, ‘ಮಹಾನಾಯಕ’ಗಳ ರೂಪದಲ್ಲಿ ಕನ್ನಡದ ಮನೆಗಳಿಗೆ ಬಂತು. ಇವತ್ತು ಚಿತ್ರೀಕರಿಸಿ ಒಂದೆರಡು ದಿನದಲ್ಲಿ ಪ್ರಸಾರ ಮಾಡಬೇಕಾದ ಅವಸರದಲ್ಲಿ ಸಂಭಾಷಣೆಕಾರ ರಾತ್ರಿಯೆಲ್ಲ ಕೂತು ಬರೆಯುತ್ತಾನೆ. ಗುರುವಾರ ಟಿಆರ್‌ಪಿ ಬಂದ ಮೇಲೆ ಅವನು ಬರೆದದ್ದು ಮತ್ತೆ ಬದಲಾಗಬಹುದು. ಕೂಡಿಸಲು ಅವನಿಗೆ ಪುರುಸೊತ್ತೆಲ್ಲಿ?

ಕಳೆದ ವಾರ ನಾನು ನೋಡಿದ್ದನ್ನು ಹೇಳುತ್ತೇನೆ. ಹೆಸರುಗಳು ಬೇಡ, ಇವು ಒಂದು ಧಾರಾವಾಹಿಯ ದೋಷಗಳಲ್ಲ. ಒಂದರಲ್ಲಿ ಸೋಮವಾರ ಕೈಗೆ ಬಂದ ಡಿಎನ್‌ಎ ವರದಿ ಶುಕ್ರವಾರದವರೆಗೂ ಲಕೋಟೆಯಿಂದ ಹೊರಬರಲಿಲ್ಲ. ತೆಗೆಯಲು ಹೋದಾಗಲೆಲ್ಲ ಫೋನು, ಬಾಗಿಲು, ತಲೆಸುತ್ತು. ಇನ್ನೊಂದರಲ್ಲಿ ಒಬ್ಬಳು ಆಡಿದ ಒಂದೇ ವಾಕ್ಯಕ್ಕೆ ಹಜಾರದಲ್ಲಿದ್ದ ಪ್ರತಿಯೊಬ್ಬರ ಮುಖವನ್ನೂ ಹತ್ತಿರದಿಂದ ತೋರಿಸಿದರು, ಹಿನ್ನೆಲೆಯಲ್ಲಿ ಸಿಡಿಲಿನ ಸದ್ದು. ಮರುದಿನ ಆರಂಭವೂ ಅದೇ ವಾಕ್ಯ, ಅದೇ ಮುಖಗಳು. ಇದರ ನಡುವೆ ಒಂದಷ್ಟು ಹೊತ್ತು ಜಾಹೀರಾತಿಗೆ ಹೋಗುತ್ತದೆ. ಅರ್ಧ ಗಂಟೆಯಲ್ಲಿ ಉಳಿಯುವ ಇಪ್ಪತ್ತೆರಡೋ ಇಪ್ಪತ್ನಾಲ್ಕೋ ನಿಮಿಷದಲ್ಲಿ ಹಿಂದಿನದರ ನೆನಪು, ಮುಂದಿನದರ ಸೂಚನೆ, ಮುಖಗಳ ಸಾಲು ಕಳೆದರೆ ಆ ದಿನಕ್ಕೆಂದು ಹುಟ್ಟಿದ ಕಥೆ ಎಷ್ಟು ಉಳಿಯಿತು? ಹಗಲೆಲ್ಲ ದುಡಿದು ಆ ಅರ್ಧ ಗಂಟೆಗಾಗಿ ಕಾಯುವ ಹೆಂಗಸಿಗೆ ಇದು ಅನ್ಯಾಯ. ಅವಳ ಹೊತ್ತಿಗೆ ಬೆಲೆಯಿದೆ.

ಆದರೆ ಅದೇ ವಾರದಲ್ಲಿ ಬುಧವಾರ ನೋಡಿದ ಒಂದು ದೃಶ್ಯ ಈಗಲೂ ಕಣ್ಣ ಮುಂದಿದೆ. ಗಂಡನಿಗೆ ಹೇಳದೆ ಮಗನ ಫೀಸಿಗಾಗಿ ಬಳೆ ಅಡವಿಟ್ಟಿದ್ದ ಹೆಂಗಸು ಅದನ್ನು ಬಿಡಿಸಿಕೊಂಡು ಬಂದಿದ್ದಾಳೆ. ಬಡಿಸುವಾಗ ಸೆರಗಿನ ಕೆಳಗೆ ಕೈ ಮುಚ್ಚಿಕೊಂಡಿದ್ದರೂ ಬಳೆ ಸದ್ದು ಮಾಡುತ್ತದೆ. ಗಂಡ ತಲೆಯೆತ್ತಿ ನೋಡುತ್ತಾನೆ, ಏನೂ ಕೇಳುವುದಿಲ್ಲ. ‘ಇನ್ನೊಂಚೂರು ಸಾರು ಹಾಕು’ ಎನ್ನುತ್ತಾನೆ. ಅವನಿಗೆ ಮೊದಲಿನಿಂದಲೂ ಗೊತ್ತಿತ್ತು ಎಂದು ಅವಳಿಗೂ ನಮಗೂ ಒಟ್ಟಿಗೆ ತಿಳಿಯುತ್ತದೆ. ಸಿಡಿಲಿಲ್ಲ, ಮುಖಗಳ ಸಾಲಿಲ್ಲ. ಅತ್ತೆಯವರು ಕನ್ನಡಕ ತೆಗೆದು ಒರೆಸಿಕೊಂಡರು. ಯಾರೋ ಒಬ್ಬರು ಅದೇ ಅವಸರದಲ್ಲಿ, ಅದೇ ಒತ್ತಡದಲ್ಲಿ ಕೂತು ಇದನ್ನು ಬರೆದಿದ್ದಾರೆ ಎಂಬುದು ನನಗೆ ದೊಡ್ಡ ವಿಷಯ. ಇಂಥದೊಂದು ಸಿಕ್ಕಿತೆಂದರೆ ಆ ದಿನದ್ದು ಸಂಚಿಕೆ.

ಧಾರಾವಾಹಿಯ ಹೊರಗೆ ಈ ಪದ ಇನ್ನೂ ಗಟ್ಟಿಯಾಗಿದೆ. ಚಂದನದಲ್ಲಿ 2002ರಿಂದ ಬರುತ್ತಿರುವ ‘ಥಟ್ ಅಂತ ಹೇಳಿ’ಯನ್ನೇ ತೆಗೆದುಕೊಳ್ಳಿ. ವೈದ್ಯರಾದ ನಾ. ಸೋಮೇಶ್ವರ ಅವರು ಸಾವಿರಾರು ಸಂಚಿಕೆ ನಡೆಸಿದ್ದಾರೆ, ಬಹುಮಾನವಾಗಿ ಪುಸ್ತಕ ಕೊಟ್ಟಿದ್ದಾರೆ. ಅದರ ಯಾವ ದಿನದ್ದನ್ನು ನೋಡಿದರೂ ಒಂದು ಹೊಸ ಸಂಗತಿ ಕಲಿತು ಏಳುತ್ತೇವೆ. ನಿನ್ನೆಯದು ನೋಡಿರಬೇಕಾದ ಅಗತ್ಯವಿಲ್ಲ. 2014ರಲ್ಲಿ ಶುರುವಾದ ‘ವೀಕೆಂಡ್ ವಿತ್ ರಮೇಶ್’ ಒಬ್ಬ ಸಾಧಕರ ಶಾಲೆಯ ಗೆಳೆಯರನ್ನು, ಮೇಷ್ಟ್ರನ್ನು, ಮನೆಯವರನ್ನು ಒಂದೇ ವೇದಿಕೆಗೆ ತಂದು ಕೂರಿಸಿದಾಗ ನನಗೆ ಊರಿನ ಹಳೆಯ ಸ್ಮರಣ ಸಂಚಿಕೆಯೇ ಎದ್ದು ಬಂದಂತೆ ಅನಿಸಿತ್ತು. ‘ಬಿಗ್ ಬಾಸ್’ ಬಗ್ಗೆ ನನ್ನ ತಕರಾರುಗಳು ಬಹಳ ಇವೆ. ಆದರೂ ಇಡೀ ದಿನ ಹತ್ತಾರು ಕ್ಯಾಮೆರಾಗಳು ಕಂಡದ್ದರಿಂದ ಆಯ್ದು ರಾತ್ರಿಗೆ ಒಂದು ಕಥೆ ಕೂಡಿಸುವ ಅದರ ಸಂಕಲನಕಾರರ ಕೆಲಸ ಪದದ ಅರ್ಥಕ್ಕೆ ತೀರ ಹತ್ತಿರವಾದದ್ದು ಎಂದು ಒಪ್ಪಲೇಬೇಕು.

ಮಹಾಸಂಚಿಕೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಚಿಕ್ಕದು. ಹೊತ್ತು ಹೆಚ್ಚಾದ ಮಾತ್ರಕ್ಕೆ ‘ಮಹಾ’ ಎನ್ನುವುದು ತಪ್ಪು. ವಾರವೆಲ್ಲ ತೆರೆಯದ ಲಕೋಟೆಯನ್ನು ಭಾನುವಾರ ತೆರೆಯುವುದಕ್ಕೆ ಆ ಹೆಸರು ಸಲ್ಲದು.

ಈಗ ಮೊಬೈಲಿನಲ್ಲಿ ಎರಡೆರಡು ನಿಮಿಷದ ತುಣುಕುಗಳು ಬರುತ್ತವೆ. ಹೊರದೇಶದಲ್ಲಿರುವ ಕನ್ನಡಿಗರು ಆ್ಯಪ್‌ಗಳಲ್ಲಿ ತಮಗೆ ಬಿಡುವಾದಾಗ ನೋಡುತ್ತಾರೆ. ಬಸ್ಸಿನಲ್ಲಿ ಕೂತ ಹುಡುಗಿ ಬೇಕಾದ ದೃಶ್ಯ ಮಾತ್ರ ನೋಡಿ ಮುಂದಕ್ಕೆ ತಳ್ಳುತ್ತಾಳೆ. ಅವಳನ್ನು ದೂರುವಂತಿಲ್ಲ, ಪತ್ರಿಕೆಯಿಂದ ಬೇಕಾದ ಪುಟ ಕತ್ತರಿಸಿಟ್ಟವರ ಮೊಮ್ಮಗಳು ಅವಳು. ಅಜ್ಜಿ ಆ ಪುಟಗಳನ್ನು ಹೊಲಿದಿಟ್ಟಳು, ಮೊಮ್ಮಗಳ ಕೈಯಲ್ಲಿ ಅವು ಉಳಿಯುತ್ತಿಲ್ಲ. ಉಳಿಸಿಕೊಳ್ಳುವಂಥ ದೃಶ್ಯಗಳನ್ನು ಕೊಡಬೇಕಾದ ಹೊಣೆ ಮಾಡುವವರದು.

ಕನ್ನಡ ವಾಹಿನಿಗಳಿಗೆ ಪದಗಳ ಮೇಲೆ ಪ್ರೀತಿಯಿಲ್ಲ ಎನ್ನಲಾರೆ. 2020ರಲ್ಲಿ ಶುರುವಾದ ‘ಕನ್ನಡತಿ’ಯಲ್ಲಿ ದಿನದ ಕಥೆ ಮುಗಿದ ಮೇಲೆ ರಂಜನಿ ರಾಘವನ್ ಬಂದು ನಾವು ತಪ್ಪಾಗಿ ಬಳಸುವ ಪದಗಳ ಸರಿಯಾದ ರೂಪವನ್ನು ಹೇಳಿಕೊಡುತ್ತಿದ್ದರು. ಆ ಒಂದೆರಡು ನಿಮಿಷಕ್ಕಾಗಿಯೇ ಕೂತು ನೋಡುತ್ತಿದ್ದ ಮೇಷ್ಟ್ರುಗಳನ್ನು ನಾನು ಬಲ್ಲೆ. ಮನಸ್ಸು ಮಾಡಿದರೆ ಸಂಚಿಕೆಯೊಳಗೆ ಏನನ್ನು ಇಡಬಹುದು ಎಂದು ಅದು ತೋರಿಸಿಕೊಟ್ಟಿತು.

ವಾಹಿನಿಗಳಲ್ಲಿ ನನ್ನ ಬೇಡಿಕೆ ಒಂದಿದೆ. ವಾರಪತ್ರಿಕೆಯ ಧಾರಾವಾಹಿಯಲ್ಲಿ ಬರೆದವರ ಹೆಸರು ದಪ್ಪ ಅಕ್ಷರದಲ್ಲಿ ಇರುತ್ತಿತ್ತು, ಚಿತ್ರ ಬರೆದವರ ಸಹಿಯೂ ಇರುತ್ತಿತ್ತು. ಟಿವಿಯಲ್ಲಿ ಕಥೆ, ಚಿತ್ರಕಥೆ, ಸಂಭಾಷಣೆ ಬರೆದವರ ಹೆಸರುಗಳು ಕಣ್ಣು ಹಾಯಿಸುವಷ್ಟರಲ್ಲಿ ಓಡಿಹೋಗುತ್ತವೆ. ಬಳೆಯ ಆ ದೃಶ್ಯ ಬರೆದವರು ಯಾರೆಂದು ಓದಲು ನನಗೆ ಆಗಲಿಲ್ಲ. ಆ ಹೆಸರುಗಳು ಓದಲು ಬರುವಷ್ಟು ದೊಡ್ಡದಾಗಿ, ಓದಿ ಮುಗಿಸುವಷ್ಟು ಹೊತ್ತು ಪರದೆಯ ಮೇಲೆ ಇರಲಿ. ಓದುಗರೇ, ಈ ವಾರ ನಿಮ್ಮ ಮನಸ್ಸಿಗೆ ಹಿಡಿಸಿದ ಒಂದು ಸಂಚಿಕೆ ಇದ್ದರೆ, ಅದನ್ನು ಬರೆದವರ ಹೆಸರು ಹುಡುಕಿ, ಯಾವ ದೃಶ್ಯ ಏಕೆ ಹಿಡಿಸಿತು ಎಂದು ವಾಹಿನಿಗೆ ನಾಲ್ಕು ಸಾಲು ಬರೆಯಿರಿ.