ವ್ಯಾಯಾಮ ಮಾರ್ಗದರ್ಶನ, ದೀರ್ಘಕಾಲದ ರೋಗಿಗಳಿಗೂ ವಿಕಲಚೇತನರಿಗೂ (ಯಾದಗಿರಿ, ಶಹಾಪುರ, ಸುರಪುರ)

ಸಕ್ಕರೆ ಕಾಯಿಲೆ, ಬಿಪಿ, ಲಕ್ವಾ, ಮೊಣಕಾಲಿನ ಸವೆತ, ದಮ್ಮು, ಕುಷ್ಠದಿಂದಾದ ಅಂಗಹಾನಿ, ಹುಟ್ಟಿನಿಂದಲೇ ಬಂದ ಸೆರೆಬ್ರಲ್ ಪಾಲ್ಸಿ ಮೊದಲಾದ ಸ್ಥಿತಿಗಳಲ್ಲಿ ಇರುವವರಿಗೆ ಯಾವ ಚಲನೆ ಹಿತ, ಎಷ್ಟು ಮಾಡಬೇಕು, ಎಲ್ಲಿ ನಿಲ್ಲಿಸಬೇಕು ಎಂದು ಹೇಳಿಕೊಡುವ ಕ್ರಮ. ಭೀಮಾ, ಕೃಷ್ಣಾ ನದಿಗಳ ಬಯಲಿನ ಯಾದಗಿರಿ, ಶಹಾಪುರ, ಸುರಪುರ ಈ ಮೂರು ಊರುಗಳು 2009ರ ಡಿಸೆಂಬರ್ 30ರವರೆಗೆ ಗುಲ್ಬರ್ಗಾ (ಇಂದಿನ ಕಲಬುರಗಿ) ಜಿಲ್ಲೆಗೆ ಸೇರಿದ್ದವು. ಅಂದು ಯಾದಗಿರಿ ಪ್ರತ್ಯೇಕ ಜಿಲ್ಲೆಯಾಯಿತು. ದೊಡ್ಡ ಆಸ್ಪತ್ರೆ ಎಂದರೆ ಕಲಬುರಗಿಯ ಬಸ್ಸು ಹತ್ತಬೇಕಾಗಿದ್ದ ಸೀಮೆ ಇದು. ಹಾಗಾಗಿ ಇಲ್ಲಿ ಈ ವಿಷಯದ ಚರಿತ್ರೆಯಲ್ಲಿ ಆಸ್ಪತ್ರೆಗಳಿಗಿಂತ ಹೆಚ್ಚು ಕಾಣುವವರು ರೋಗಿಯ ಮನೆಗೆ ನಡೆದುಹೋದ ಸಣ್ಣ ಸಂಬಳದ ಕಾರ್ಯಕರ್ತರು.

ಮೈ ಹುರಿಗೊಳಿಸುವ ವಿದ್ಯೆ ಈ ಭಾಗಕ್ಕೆ ಹೊಸದಲ್ಲ. ನಾಯಕ ಅರಸರ ಸುರಪುರವಿರಲಿ, ಅಕ್ಕಪಕ್ಕದ ಹಳ್ಳಿಗಳಿರಲಿ, ತಾಲೀಮಿನಲ್ಲಿ (ಗರಡಿಮನೆಯಲ್ಲಿ) ಬೈಠಕ್, ಸಾಮು, ಕುಸ್ತಿ ನಡೆಯುತ್ತಿದ್ದವು. ಜಾತ್ರೆ ಬಂತೆಂದರೆ ಗುಂಡುಕಲ್ಲು, ಉಸುಕಿನ ಚೀಲ ಎತ್ತುವ ಪಂದ್ಯ. ಇವೆಲ್ಲ ಗಟ್ಟಿಮುಟ್ಟಾದ ಹುಡುಗರಿಗೆ. ಹೆಂಗಸರಿಗೆ, ಮುದುಕರಿಗೆ, ಕಾಲು ಸೋತವರಿಗೆ ಅಲ್ಲಿ ಜಾಗವಿರಲಿಲ್ಲ. ಆದರೂ ಉಳುಕಿದ ಕೈಕಾಲಿಗೆ ಎಣ್ಣೆ ನೀವಿ, ನೋವು ಇಳಿದ ಮೇಲೆ ಸ್ವಲ್ಪಸ್ವಲ್ಪವಾಗಿ ಆಡಿಸುವ ತಿಳಿವಳಿಕೆ ತಾಲೀಮಿನ ಉಸ್ತಾದರಲ್ಲಿತ್ತು. ವ್ಯಾಯಾಮವೂ ಮದ್ದು ಎಂಬ ಮಾತು ಗ್ರಂಥಗಳಲ್ಲೂ ಇತ್ತು: ಸುಶ್ರುತ ಸಂಹಿತೆ ಪ್ರಮೇಹಕ್ಕೆ (ಸಕ್ಕರೆ ಕಾಯಿಲೆಯಂಥ ಮೂತ್ರರೋಗಗಳಿಗೆ) ದೂರದ ನಡಿಗೆಯನ್ನು, ಬಾವಿ ತೋಡುವ ದುಡಿಮೆಯನ್ನು ಹೇಳುತ್ತದೆ, ಯಾರೇ ಆಗಲಿ ತಮ್ಮ ಬಲದ ಅರ್ಧದಷ್ಟು ಮಾತ್ರ ವ್ಯಾಯಾಮ ಮಾಡಬೇಕೆಂದು ಎಚ್ಚರಿಸುತ್ತದೆ. 20ನೇ ಶತಮಾನದಲ್ಲಿ ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮಿಗಳು ಊರೂರಲ್ಲಿ ಯೋಗ, ವ್ಯಾಯಾಮದ ಶಿಬಿರ ನಡೆಸಿದರು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಹಗ್ಗ, ಕುರ್ಚಿ, ದಿಂಬುಗಳ ಆಸರೆಯಲ್ಲಿ ಆಸನ ಕಲಿಸಿ, ಬಾಗಲಾರದ ದೇಹಕ್ಕೂ ಯೋಗ ಒಗ್ಗುತ್ತದೆಂದು ತೋರಿಸಿದರು.

ಹಳ್ಳಿಯ ರೋಗಿಯ ಮನೆಬಾಗಿಲಿಗೆ ವ್ಯಾಯಾಮದ ಪಾಠ ಮೊದಲು ಬಂದದ್ದು ಕುಷ್ಠರೋಗದ ದಾರಿಯಿಂದ ಎನ್ನಬಹುದು. ರಾಷ್ಟ್ರೀಯ ಕುಷ್ಠರೋಗ ನಿಯಂತ್ರಣ ಕಾರ್ಯಕ್ರಮ 1955ರಲ್ಲಿ ಆರಂಭವಾಯಿತು. ಬಹು ಔಷಧಿ ಚಿಕಿತ್ಸೆ 1980ರ ದಶಕದಲ್ಲಿ ಬಂತು. ಔಷಧಿ ರೋಗಾಣುವನ್ನು ಕೊಲ್ಲುತ್ತದೆ, ನಿಂತುಹೋದ ನರವನ್ನು ಎಬ್ಬಿಸುವುದಿಲ್ಲ. ಬೆರಳು ಮಡಚಿಕೊಂಡೇ ಗಂಟುಬೀಳದಂತೆ ತಡೆಯಬೇಕಾದರೆ ದಿನಾಲೂ ಕೈಯ ಆರೈಕೆ ಬೇಕು. ತಮಿಳುನಾಡಿನ ವೆಲ್ಲೂರಿನಲ್ಲಿ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ ಮತ್ತು ಸಂಗಡಿಗರು 1940ರ ದಶಕದ ಕೊನೆಯಿಂದ ಶಸ್ತ್ರಚಿಕಿತ್ಸೆಯ ಜೊತೆಗೇ ಈ ಆರೈಕೆಯನ್ನು ರೂಢಿಸಿದರು. ಅದರ ಕ್ರಮ ಸರಳ: ಕೈಯನ್ನು ಸುಮಾರು ಇಪ್ಪತ್ತು ನಿಮಿಷ ತಣ್ಣೀರಿನಲ್ಲಿ ನೆನೆಸುವುದು, ಒರೆಸಿ ಎಣ್ಣೆ ಹಚ್ಚುವುದು, ಅಂಗೈ ಮೇಲಾಗಿ ತೊಡೆಯ ಮೇಲಿಟ್ಟು ಇನ್ನೊಂದು ಕೈಯಿಂದ ಬೆರಳುಗಳನ್ನು ಬುಡದಿಂದ ತುದಿಯವರೆಗೆ ನೀವುತ್ತ ನೇರ ಮಾಡುವುದು. ರೆಪ್ಪೆ ಮುಚ್ಚದವರಿಗೆ ಕಣ್ಣು ಬಿಗಿಯಾಗಿ ಮುಚ್ಚುವ ಅಭ್ಯಾಸ. ಖರ್ಚಿಲ್ಲದ ಈ ಕೆಲಸದಿಂದ ಎಷ್ಟೋ ಕೈಗಳು ರೊಟ್ಟಿ ಮುರಿಯಲು, ಕುಡುಗೋಲು ಹಿಡಿಯಲು ಉಳಿದುಕೊಂಡವು.

ಅಂಗವೈಕಲ್ಯದ ವಿಷಯದಲ್ಲಿ ತಿರುವು ಬಂದದ್ದು ಸಮುದಾಯ ಆಧಾರಿತ ಪುನರ್ವಸತಿಯ ವಿಚಾರದಿಂದ. ಪರಿಣತರು ನಗರದಲ್ಲಿದ್ದರೆ, ಅವರ ವಿದ್ಯೆಯ ಅಗತ್ಯ ಭಾಗವನ್ನು ಮನೆಯವರಿಗೇ ಕಲಿಸಬೇಕು ಎಂಬುದು ಅದರ ತಿರುಳು. ವಿಶ್ವ ಆರೋಗ್ಯ ಸಂಸ್ಥೆ 1989ರಲ್ಲಿ ಇದಕ್ಕೆಂದೇ ಕೈಪಿಡಿ ಹೊರತಂದಿತು. 1995ರ ಅಂಗವಿಕಲರ ಕಾಯ್ದೆಯ ನಂತರ, 2007-08ರಲ್ಲಿ ಕರ್ನಾಟಕ ಸರ್ಕಾರ ಗ್ರಾಮೀಣ ಪುನರ್ವಸತಿ ಯೋಜನೆಯನ್ನು ಜಾರಿಗೆ ತಂದು, ಗ್ರಾಮ ಪಂಚಾಯಿತಿಗೊಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ (ವಿಆರ್‌ಡಬ್ಲ್ಯೂ), ತಾಲ್ಲೂಕಿಗೊಬ್ಬ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತ (ಎಂಆರ್‌ಡಬ್ಲ್ಯೂ) ಎಂದು ಗೌರವಧನದ ಮೇಲೆ ನೇಮಿಸಿತು. ವಿಆರ್‌ಡಬ್ಲ್ಯೂಗಳಾಗಿ ಬಂದವರು ಸ್ವತಃ ವಿಕಲಚೇತನರು. ಪೋಲಿಯೊದಿಂದ ಕಾಲು ಸೋತವರೊಬ್ಬರು ಅಂಗಳದಲ್ಲಿ ಕೂತು, ಮಗುವಿನ ಬಿಗಿದ ಹಿಮ್ಮಡಿಯನ್ನು ಹೇಗೆ ಹಿಗ್ಗಿಸಬೇಕೆಂದು ತಾಯಿಗೆ ತೋರಿಸಿದಾಗ ಆ ಮಾತಿಗೆ ಬೇರೆಯದೇ ತೂಕ. ಯೋಜನೆಯ ದೊಡ್ಡ ಬಲ ಇದೇ. ಆದರೆ ಪಿಂಚಣಿ ಅರ್ಜಿ, ವಿಕಲಚೇತನರ ಯುಡಿಐಡಿ ಗುರುತಿನ ಕಾರ್ಡು, ಸಮೀಕ್ಷೆಯ ಕಾಗದಗಳೇ ಅವರ ದಿನವನ್ನು ತಿನ್ನುವಂತಾದದ್ದು ನಷ್ಟ.

ಶಾಲೆಯ ಕಡೆಯಿಂದ ಸರ್ವ ಶಿಕ್ಷಣ ಅಭಿಯಾನ ಇನ್ನೊಂದು ದಾರಿ ತೆರೆಯಿತು. ಬ್ಲಾಕ್ ಸಂಪನ್ಮೂಲ ಕೇಂದ್ರಗಳಲ್ಲಿ ಫಿಸಿಯೊಥೆರಪಿ, ಬರಲಾಗದ ಮಕ್ಕಳಿಗೆ ಸಮನ್ವಯ ಶಿಕ್ಷಣದ ಬಿಐಇಆರ್‌ಟಿ ಶಿಕ್ಷಕರ ಗೃಹಾಧಾರಿತ ಶಿಕ್ಷಣ. ಅಂಥ ಮಗುವಿನ ಮನೆಯ ಅಂಗಳದಲ್ಲೇ ಎರಡು ಸಾಲು ಗೂಟ ನೆಟ್ಟು ಬಿದಿರು ಕಟ್ಟಿದರೆ ನಡಿಗೆ ಕಲಿಯುವ ಸಮಾನಾಂತರ ಕಂಬಿ ಸಿದ್ಧವಾಗುತ್ತದೆ. ಪೇಟೆಯಿಂದ ಏನೂ ತರಬೇಕಿಲ್ಲ. 2011ರ ಜನಗಣತಿಯಲ್ಲಿ ಜಿಲ್ಲೆಯ ಸಾಕ್ಷರತೆ ಶೇ. 51.83, ರಾಜ್ಯದಲ್ಲೇ ಕಡಿಮೆ. ಇಂಥಲ್ಲಿ ಮುದ್ರಿತ ಕರಪತ್ರಕ್ಕಿಂತ ಕೈ ಹಿಡಿದು ತೋರಿಸುವವರೇ ಬೇಕು.

ಸಕ್ಕರೆ ಕಾಯಿಲೆ, ಬಿಪಿ, ಲಕ್ವಾಗಳ ಸರದಿ ತಡವಾಗಿ ಬಂತು. ಅಸಾಂಕ್ರಾಮಿಕ ರೋಗಗಳ (ಎನ್‌ಸಿಡಿ) ರಾಷ್ಟ್ರೀಯ ಕಾರ್ಯಕ್ರಮ 2010ರಲ್ಲಿ ಆರಂಭವಾದಾಗ ಮೊದಲ ಸುತ್ತಿನ ಜಿಲ್ಲೆಗಳಲ್ಲಿ ಯಾದಗಿರಿ ಇರಲಿಲ್ಲ. ಈಗ ಎನ್‌ಸಿಡಿ ಕ್ಲಿನಿಕ್ಕಿನಲ್ಲಿ ಗುಳಿಗೆಯ ಜೊತೆ "ವಾಕಿಂಗ್ ಮಾಡಿ" ಎಂಬ ಸಲಹೆಯೂ ಸಿಗುತ್ತದೆ. ದಿನವಿಡೀ ಹತ್ತಿ ಬಿಡಿಸಿದ, ನಾರಾಯಣಪುರ ಕಾಲುವೆಯ ಕೆಳಗಿನ ಗದ್ದೆಗಳಲ್ಲಿ ಬಾಗಿ ಭತ್ತ ನಾಟಿ ಮಾಡಿದ ಹೆಣ್ಣುಮಕ್ಕಳು "ನಮಗ್ಯಾಕ ವ್ಯಾಯಾಮ?" ಎಂದರೆ ಆ ಪ್ರಶ್ನೆ ನ್ಯಾಯವಾದದ್ದೇ. ಅವರಿಗೆ ಬೇಕಾದದ್ದು ಇನ್ನಷ್ಟು ನಡಿಗೆಯಲ್ಲ. ಬಾಗಿದ ಬೆನ್ನನ್ನು ಹಿಂದಕ್ಕೆ ಚಾಚುವುದು, ಕಟ್ಟೆಯ ಮೇಲೆ ಕೂತು ಮೊಣಕಾಲು ನೇರ ಮಾಡಿ ತೊಡೆಯ ಸ್ನಾಯು ಬಿಗಿಹಿಡಿಯುವುದು. ಇನ್ಸುಲಿನ್ ತಗೊಳ್ಳುವವರು ಖಾಲಿ ಹೊಟ್ಟೆಯಲ್ಲಿ ನಡೆಯಬಾರದು, ಜೇಬಿನಲ್ಲಿ ಸಕ್ಕರೆ ಇರಬೇಕು. ಸ್ಪರ್ಶ ಮಂಕಾದ ಪಾದಕ್ಕೆ ಚಪ್ಪಲಿ ತಪ್ಪಬಾರದು. ನಡೆಯುವಾಗ ಎದೆ ಹಿಡಿದುಕೊಂಡರೆ ಅಲ್ಲೇ ನಿಂತು ಆಸ್ಪತ್ರೆಗೆ ಹೋಗಬೇಕು. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವ ಜಿಲ್ಲೆಯಲ್ಲಿ ನಡಿಗೆಯ ಹೊತ್ತನ್ನೂ ಹೇಳದ ಸಲಹೆ ಅರ್ಧ ಸಲಹೆ.

ಲಕ್ವಾದಲ್ಲಿ ಕಳೆದುಹೋಗುವುದು ಕಾಲ. ಚೇತರಿಕೆಯ ಹೆಚ್ಚಿನ ಪಾಲು ಮೊದಲ ಮೂರು ತಿಂಗಳಲ್ಲಿ ಆಗುತ್ತದೆ. ನಾಟಿ ಔಷಧಿ ಹುಡುಕಿ ಊರೂರು ಸುತ್ತುವಷ್ಟರಲ್ಲಿ ಆ ಅವಧಿಯೇ ಮುಗಿದಿರುತ್ತದೆ. ಎಬ್ಬಿಸುವಾಗ ಸೋತ ಕೈಯನ್ನು ಹಿಡಿದೆಳೆದರೆ ಭುಜದ ಕೀಲು ಜಾರಬಹುದು. ಬೆನ್ನಿನ ಹಿಂದೆ ಕೈಕೊಟ್ಟು ಎಬ್ಬಿಸಬೇಕು, ಗಟ್ಟಿ ಕೈಯಿಂದ ಸೋತ ಕೈಯನ್ನು ರೋಗಿಯೇ ಎತ್ತಬೇಕು. ವ್ಯಾಯಾಮದಿಂದ ತೀರದ ಬಾಧೆಗಳೂ ಇವೆ. ಜಿಲ್ಲೆಯ ಹಲವೆಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿ.ಗ್ರಾಂ ಮಿತಿಯನ್ನು ಮೀರಿದೆ; ಅದರಿಂದ ಬೆನ್ನು, ಕೀಲು ಸೆಟೆದವರಿಗೆ ಮೊದಲು ಬೇಕಾದದ್ದು ಶುದ್ಧ ನೀರು.

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ದೀರ್ಘಕಾಲದ ರೋಗಿಗಳನ್ನೂ ವಿಕಲಚೇತನರನ್ನೂ ಮೊದಲ ಬಾರಿಗೆ ಪ್ರತ್ಯೇಕವಾಗಿ ಸೇರಿಸಿಕೊಂಡು, ಆದಷ್ಟು ಮಟ್ಟಿಗೆ ವಾರಕ್ಕೆ 150ರಿಂದ 300 ನಿಮಿಷದ ಮಧ್ಯಮ ಚಟುವಟಿಕೆ ಹೇಳಿತು; ಅಷ್ಟಾಗದಿದ್ದರೆ ಸ್ವಲ್ಪವೂ ಒಳ್ಳೆಯದೇ ಎಂದಿತು. ಯಾದಗಿರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಬಂದಿದೆ. ಆಯುಷ್ಮಾನ್ ಆರೋಗ್ಯ ಮಂದಿರಗಳಾಗಿ ಬದಲಾದ ಉಪಕೇಂದ್ರಗಳಲ್ಲಿ ಯೋಗ ಹೇಳಿಕೊಡುವುದು ಕಾರ್ಯಕ್ರಮದ ಭಾಗವೇ ಆಗಿದೆ. ಆ ಯೋಗ ಚಾಪೆಯ ಮೇಲಿನದು. ನೆಲಕ್ಕೆ ಕೂರಲಾಗದ ಮೊಣಕಾಲಿನವರಿಗೆ, ಅರ್ಧ ಮೈ ಆಡದವರಿಗೆ ಕುರ್ಚಿಯ ಮೇಲೆ ಮಾಡುವ ಅಭ್ಯಾಸವನ್ನು ಅದೇ ಹೊತ್ತಿನಲ್ಲಿ ಕಲಿಸಬೇಕು. ಆಶಾ ಕಾರ್ಯಕರ್ತೆಯನ್ನೂ ವಿಆರ್‌ಡಬ್ಲ್ಯೂವನ್ನೂ ಜೊತೆಗೆ ಕೂರಿಸಿಕೊಂಡು ಕಲಿಸಿದರೆ ಅದು ಹಾಸಿಗೆ ಬಿಟ್ಟೇಳದವರ ಮನೆಗೂ ತಲುಪುತ್ತದೆ.