ಕಂಡದ್ದಕ್ಕೆ ಇಟ್ಟ ಹೆಸರು

ಟೈಟಾನಿಕ್ ಹಡಗು ಮುಳುಗಿದ ಕಥೆ ನಿಮಗೆ ಗೊತ್ತು. ಅದೇ ರಾತ್ರಿ, ಅದೇ ಸಮುದ್ರದಲ್ಲಿ ಸುಮ್ಮನೆ ನಿಂತಿದ್ದ ಇನ್ನೊಂದು ಹಡಗಿನ ಕಥೆ ಅಷ್ಟಾಗಿ ಗೊತ್ತಿರಲಾರದು. ಕಚೇರಿಯಲ್ಲೋ ಕಾರ್ಖಾನೆಯಲ್ಲೋ ನಾಲ್ಕು ಜನರೊಡನೆ ದುಡಿಯುವವರೆಲ್ಲ ತಿಳಿಯಬೇಕಾದ ಕಥೆ ಅದು.

1912ರ ಏಪ್ರಿಲ್ 14. ಉತ್ತರ ಅಟ್ಲಾಂಟಿಕ್ ಸಾಗರದಲ್ಲಿ ಹಿಮರಾಶಿ ಅಡ್ಡಬಂದುದರಿಂದ 'ಕ್ಯಾಲಿಫೋರ್ನಿಯನ್' ಎಂಬ ಬ್ರಿಟಿಷ್ ಹಡಗು ರಾತ್ರಿ ಹತ್ತೂವರೆಯ ಸುಮಾರಿಗೆ ನಿಂತಿತು. ಅದರ ಕಪ್ತಾನ ಸ್ಟ್ಯಾನ್ಲಿ ಲಾರ್ಡ್. ನಿಸ್ತಂತು ಯಂತ್ರ ನಡೆಸಲು ಇದ್ದವನು ಸಿರಿಲ್ ಇವಾನ್ಸ್ ಒಬ್ಬನೇ. ತಾವು ಹಿಮದ ನಡುವೆ ನಿಂತಿದ್ದೇವೆಂದು ಅವನು ಟೈಟಾನಿಕ್‌ಗೆ ತಿಳಿಸಹೋದಾಗ, ಪ್ರಯಾಣಿಕರ ತಂತಿಗಳನ್ನು ಕಳಿಸುತ್ತಿದ್ದ ಅಲ್ಲಿಯವನು ಸುಮ್ಮನಿರು ಎಂದು ಗದರಿದ. ಇವಾನ್ಸ್ ಯಂತ್ರ ನಿಲ್ಲಿಸಿ ಮಲಗಿದ. ಸರಿಸುಮಾರು ಅದೇ ಹೊತ್ತಿಗೆ, 11.40ಕ್ಕೆ, ಟೈಟಾನಿಕ್ ಹಿಮಗಡ್ಡೆಗೆ ಬಡಿಯಿತು.

ಮಧ್ಯರಾತ್ರಿಯ ನಂತರ ಕ್ಯಾಲಿಫೋರ್ನಿಯನ್ನಿನ ಕಾವಲಿನಲ್ಲಿದ್ದವರು ಎರಡನೆಯ ಅಧಿಕಾರಿ ಹರ್ಬರ್ಟ್ ಸ್ಟೋನ್ ಮತ್ತು ತರಬೇತಿಯ ಯುವಕ ಜೇಮ್ಸ್ ಗಿಬ್ಸನ್. ದೂರದಲ್ಲಿ ಬಿಳಿಯ ರಾಕೆಟ್ಟುಗಳು ಒಂದಾದ ಮೇಲೊಂದು ಹಾರಿದವು. ಒಟ್ಟು ಎಂಟು. ಸ್ಟೋನ್ ಮಾತಿನ ಕೊಳವೆಯ ಮೂಲಕ ಕೆಳಗೆ ಮಲಗಿದ್ದ ಕಪ್ತಾನನಿಗೆ ವಿಷಯ ಮುಟ್ಟಿಸಿದ. ಕಪ್ತಾನ ಕೇಳಿದ್ದು ಒಂದೇ ಪ್ರಶ್ನೆ: ಅವು ಕಂಪೆನಿಯ ಸಂಕೇತಗಳೇ? ಆಗ ಹಡಗು ಕಂಪೆನಿಗಳು ತಮ್ಮ ಗುರುತಿಗಾಗಿ ರಾತ್ರಿ ಬೆಳಕಿನ ಸಂಕೇತ ತೋರಿಸುವ ಪದ್ಧತಿಯಿತ್ತು. ಗೊತ್ತಿಲ್ಲ ಎಂದ ಸ್ಟೋನ್. ಹಾಗಾದರೆ ದೀಪದಿಂದ ಮೋರ್ಸ್ ಸಂಜ್ಞೆ ಕಳಿಸುತ್ತಿರು ಎಂದು ಆಜ್ಞೆಯಾಯಿತು. ಉತ್ತರ ಬರಲಿಲ್ಲ.

ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಇವರು ಕುರುಡರಲ್ಲ, ಸೋಮಾರಿಗಳೂ ಅಲ್ಲ. ಸುಮ್ಮನೆ ಯಾರೂ ನಡುಸಮುದ್ರದಲ್ಲಿ ರಾಕೆಟ್ ಹಾರಿಸುವುದಿಲ್ಲ ಎಂದು ತಮ್ಮೊಳಗೆ ಮಾತಾಡಿಕೊಂಡರು. ಆ ಹಡಗಿನ ದೀಪಗಳು ವಿಚಿತ್ರವಾಗಿ ಕಾಣುತ್ತಿವೆ ಎಂದೂ ಅವರಿಗೆ ಅನ್ನಿಸಿತು. ಆದರೆ 'ಕಂಪೆನಿಯ ಸಂಕೇತ' ಎಂಬ ಹೆಸರು ಮೇಲಿನಿಂದ ಬಂದಿತ್ತು. ಹೆಸರು ಸಿಕ್ಕ ಕೂಡಲೇ ಸಂಶಯದ ಹರಿತ ಕಡಿಮೆಯಾಯಿತು. ಎರಡು ಗಂಟೆಯ ಸುಮಾರಿಗೆ ಬೆಳಕು ಮರೆಯಾದಾಗ, ಹಡಗು ನೈರುತ್ಯಕ್ಕೆ ಹೊರಟುಹೋಯಿತು ಎಂದು ಕಪ್ತಾನನಿಗೆ ವರದಿ ಹೋಯಿತು. ಟೈಟಾನಿಕ್ ಮುಳುಗಿದ್ದು 2.20ಕ್ಕೆ. ಸತ್ತವರು ಸುಮಾರು 1500 ಮಂದಿ.

ಇವಾನ್ಸ್‌ನನ್ನು ಎಬ್ಬಿಸಿದ್ದರೆ ಕ್ಷಣದಲ್ಲಿ ನಿಜ ತಿಳಿಯುತ್ತಿತ್ತು. ಸ್ಟೋನ್ ಎಬ್ಬಿಸಲಿಲ್ಲ, ಕಪ್ತಾನನಿಗೆ ತಿಳಿಸಿ ಆಗಿತ್ತಲ್ಲ! ಕಪ್ತಾನ ಎಬ್ಬಿಸಲಿಲ್ಲ, ಕಾವಲಿಗೆ ಅಧಿಕಾರಿ ಇದ್ದನಲ್ಲ! ಬೆಳಗಿನ ಜಾವ ಕಾವಲು ಬದಲಾಗಿ, ಮುಖ್ಯ ಅಧಿಕಾರಿ ಜಾರ್ಜ್ ಸ್ಟೂವರ್ಟ್ ಅವನನ್ನು ಎಬ್ಬಿಸಿದಾಗ ಐದೂವರೆಯ ಹೊತ್ತು.

ಅದೇ ವರ್ಷ ಲಾರ್ಡ್ ಮರ್ಸಿ ಅವರ ವಿಚಾರಣೆ, ಈ ಹಡಗು ಅನೇಕರನ್ನು ಉಳಿಸಬಹುದಿತ್ತು ಎಂದಿತು. 1992ರಲ್ಲಿ ಬ್ರಿಟಿಷ್ ಸರ್ಕಾರದ ಮರುಪರಿಶೀಲನೆಯ ಮಾತು ಬೇರೆ: ಹೊರಟಿದ್ದರೂ ಸಕಾಲಕ್ಕೆ ತಲುಪುವುದು ಸಂಭವವಿರಲಿಲ್ಲ. ಆದರೆ ರಾಕೆಟ್ಟುಗಳನ್ನು ಕಂಡೂ ತಕ್ಕ ಕ್ರಮ ಕೈಗೊಳ್ಳದಿದ್ದುದು ತಪ್ಪೆಂಬುದನ್ನು ಅದೂ ಒಪ್ಪಿತು. ಎರಡು ಹಡಗುಗಳ ನಡುವಿನ ದೂರದ ಬಗ್ಗೆ ವಾದ ಇನ್ನೂ ಮುಗಿದಿಲ್ಲ.

1914ರ ಜನವರಿಯಲ್ಲಿ ಲಂಡನ್ನಿನಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದವು ಹಡಗುಗಳಲ್ಲಿ ಹಗಲಿರುಳು ನಿಸ್ತಂತು ಕಾವಲಿಗೆ ದಾರಿ ಮಾಡಿತು. ಯಂತ್ರದ ಮುಂದೆ ಒಬ್ಬನನ್ನು ಕೂರಿಸಲು ಕಾನೂನು ಸಾಕು. ಮನಸ್ಸಿನ ಸಂಶಯವನ್ನು ಎಚ್ಚರವಾಗಿಡುವ ಕಾನೂನು ಯಾವುದು?

ನಮ್ಮ ಕಡತಗಳಲ್ಲಿ 'ಮೇಲಧಿಕಾರಿಗಳ ಗಮನಕ್ಕೆ ತರಲಾಗಿದೆ' ಎಂಬ ವಾಕ್ಯವನ್ನು ನೀವೂ ಬರೆದಿರಬಹುದು. ಮುಂದಿನ ಸಲ ಬರೆಯುವಾಗ ಆ ಎಂಟು ರಾಕೆಟ್ಟುಗಳನ್ನು ನೆನೆಯಿರಿ. ಗಮನಕ್ಕೆ ತಂದದ್ದಾಯಿತು, ಸರಿ; ಮಲಗಿದ್ದವನನ್ನು ಎಬ್ಬಿಸಿದಿರಾ?